ಮಾವನ ದಸರಾ

"ಮಾವ, ದಸರಾಗೆ ಮೈಸೂರಿಗೆ ಹೋಗಲ್ವಾ?"

"ಯಾಕಪ್ಪ? ಆಯುಧಪೂಜೆ ಸಂಜೆ ನಮ್ಮ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಬಾ. ಬಾಳೆಕಂದು ಕಟ್ಟಿದ ಲಾರಿ, ಚೆಂಡುಹೂ ಮುಡಿದ ಬಸ್ಸು ಸಾಲಾಗಿ ನಿಂತಿರ್ತವೆ. ಮೈಸೂರಲ್ಲಿ ಆನೆ ಮುಂದೆ ಹೋಗಿಬಿಡುತ್ತೆ. ಇಲ್ಲಿ ಆ ಭಯವಿಲ್ಲ, ಕಣ್ತುಂಬ ನೋಡಬಹುದು."

"ದಸರಾ ಕ್ರೀಡೆ?"

"ರಸ್ತೆ ತುಂಬ ಒಡೆದ ಬೂದುಗುಂಬಳ, ಅದರ ಮೇಲೆ ಬೈಕುಗಳ ಜಾರುಬಂಡಿ."

(ಮಾವ ಕಡ್ಲೆಪುರಿ ಮುಕ್ಕಿದರು. ಮಡಿವಾಳ ಮಾರ್ಕೆಟ್ಟಿನದು, ರುಚಿ ಪುರಿಯದಲ್ಲ, ಚೌಕಾಸಿಯದು.)

"ತೀರ್ಥಯಾತ್ರೆ?"

"ನಮ್ಮ ಮಡಿವಾಳದ ಸೋಮೇಶ್ವರ. ಗುಡಿ ಗೋಡೆ ಮೇಲೆ 1247ರ ಶಾಸನ ಇದೆ, ದೊಡ್ಡಕೆರೆ ಕೆಳಗಿನ ಭೂಮಿ ದಾನ ಕೊಟ್ಟದ್ದು."

"ಆ ಭೂಮಿ ಈಗೆಲ್ಲಿ?"

"ನಿನ್ನ ಬಾಡಿಗೆಮನೆ ಕೆಳಗಿರಬಹುದು. ಬಾಡಿಗೆ ಸೋಮೇಶ್ವರನಿಗೇ ಕಟ್ಟು."

"ಅವನೂ ಹತ್ತು ತಿಂಗಳ ಅಡ್ವಾನ್ಸ್ ಕೇಳ್ತಾನಾ?"

"ಇಲ್ಲ. ಮೊಟ್ಟೆ ತಿಂತೀರಾ ಅಂತಾನೂ ಕೇಳಲ್ಲ."