ಎಡದೋಳಿನ ಅತಿಥಿಯೊಡನೆ

ಪ್ರಾಚೀನ ಕಾಲದಲ್ಲಿ ಮಧುಮೇಹವನ್ನು ಮೂತ್ರಕ್ಕೆ ಮುತ್ತುವ ಇರುವೆಗಳಿಂದ ಅರಿಯುತ್ತಿದ್ದರೆಂದೂ, ನಮ್ಮ ತಂದೆಯವರ ಕಾಲದಲ್ಲಿ ಬೆನೆಡಿಕ್ಟ್ ದ್ರಾವಣದ ನೀಲಿಯು ಕುದಿದು ಹಸಿರೋ ಹಳದಿಯೋ ಇಟ್ಟಿಗೆಗೆಂಪೋ ಆಗುವುದನ್ನು ನೋಡಿ ನಿಶ್ಚಯಿಸುತ್ತಿದ್ದರೆಂದೂ ಬಲ್ಲವನಾದ ನನಗೆ, ಮಂಡ್ಯದ ನಮ್ಮ ಭಾವನವರ ಎಡದೋಳಿನ ಹಿಂಭಾಗಕ್ಕೆ ಅಂಟಿಕೊಂಡು, ನಿಮಿಷ ನಿಮಿಷಕ್ಕೂ ಅವರ ಸಕ್ಕರೆಯ ಲೆಕ್ಕವನ್ನು ಮೊಬೈಲಿಗೆ ಒಪ್ಪಿಸುತ್ತಿದ್ದ ಆ ಬಿಳಿಯ ಸೆನ್ಸರನ್ನು ಕಂಡೊಡನೆ, ಇದನ್ನೊಮ್ಮೆ ಮಾತನಾಡಿಸಿ ನೋಡಬೇಕೆಂಬ ಕುತೂಹಲವುಂಟಾದುದು ಸಹಜವೇ ಸರಿ. ಅದರ ಆಯುಸ್ಸು 14 ದಿನ. ನಾನು ಹೋದ ಭಾನುವಾರವೇ ಅದರ ಕಡೆಯ ದಿನ. ನಿವೃತ್ತ ಮುಖ್ಯೋಪಾಧ್ಯಾಯರಾದ ಭಾವನವರು ವೃತ್ತಪತ್ರಿಕೆಯನ್ನು ಮುಖದ ಮೇಲೆ ಹರಡಿಕೊಂಡು ಆರಾಮಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಹೊರಟು ನಿಂತವರು ಮುಲಾಜಿಲ್ಲದೆ ಮಾತನಾಡುವರೆಂಬ ಧೈರ್ಯದಿಂದ ನಾನು ಪೀಠಿಕೆ ಹಾಕಿದೆನು.

ನಾನು: ತಮ್ಮ ಕುಲಗೋತ್ರಗಳನ್ನು ತಿಳಿಯಬಹುದೇ?

ಸೆನ್ಸರ್: ಅದರಲ್ಲೇನು ಗುಟ್ಟು, ಸ್ವಾಮಿ? 1962ರಲ್ಲಿ ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ ಎಂಬ ವಿಜ್ಞಾನಿಯು, ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ವಿದ್ಯುದಗ್ರಕ್ಕೆ ಜೋಡಿಸಿ ಸಕ್ಕರೆಯನ್ನು ಅಳೆಯುವ ಮಾರ್ಗವನ್ನು ಸೂಚಿಸಿದನು. ಆ ಕಿಣ್ವವನ್ನು ಸಾಮಾನ್ಯವಾಗಿ ಆಸ್ಪರ್ಜಿಲಸ್ ನೈಗರ್ ಎಂಬ ಬೂಷ್ಟಿನಿಂದ ತೆಗೆಯುವರಾದುದರಿಂದ, ತಾಯಿಯ ಕಡೆಯಿಂದ ನಾನು ಬೂಷ್ಟಿನ ವಂಶದವನು; ನಿಮ್ಮ ಅಕ್ಕನವರು ಈರುಳ್ಳಿಯ ಸಿಪ್ಪೆಯ ಮೇಲೆ ಕಂಡೊಡನೆ ಮೂಗು ಮುರಿಯುವ ಆ ಕರಿಯ ಬೂಷ್ಟು ನಮಗೆ ಹತ್ತಿರದ ನೆಂಟ. 1999ರಲ್ಲಿ ಅಮೆರಿಕ ಸರ್ಕಾರದ ಅನುಮತಿ ಪಡೆದ ನಮ್ಮ ಪೂರ್ವಿಕನು ಮೂರು ದಿನ ಮೈಮೇಲಿದ್ದು ಎಲ್ಲವನ್ನೂ ಅಳೆದು, ಅಳೆದುದನ್ನು ರೋಗಿಯ ಕಿವಿಗೆ ಹಾಕದೆ ನೇರವಾಗಿ ವೈದ್ಯರಿಗೆ ಒಪ್ಪಿಸುತ್ತಿದ್ದನು. ಆ ಗಾಂಭೀರ್ಯ ನಮ್ಮ ಕಾಲಕ್ಕೆ ಉಳಿಯಲಿಲ್ಲ.

ನಾನು: ಅಂತೂ ರಕ್ತದೊಳಗಿನ ಗುಟ್ಟನ್ನು ಕಣ್ಣಾರೆ ಕಂಡು ಹೇಳುವವರು ತಾವು.

ಸೆನ್ಸರ್: ರಕ್ತವನ್ನು ನಾನು ಕಂಡೇ ಇಲ್ಲ! ಚರ್ಮದಡಿಗೆ 5 ಮಿಲಿಮೀಟರಿನಷ್ಟು ಇಳಿದಿರುವ ನನ್ನ ತಂತುವು ನೆನೆಯುತ್ತಿರುವುದು ಜೀವಕೋಶಗಳ ನಡುವಣ ದ್ರವದಲ್ಲಿ. ಕನ್ನಂಬಾಡಿಯಲ್ಲಿ ತೂಬೆತ್ತಿದ ನೀರು ವಿಶ್ವೇಶ್ವರಯ್ಯ ನಾಲೆಯ ಕಟ್ಟಕಡೆಯ ಗದ್ದೆಗೆ ಬಂದು ಸೇರುವ ಹೊತ್ತಿಗೆ ಏನೇನಾಗುವುದೆಂಬುದನ್ನು ಮಂಡ್ಯದ ಸೀಮೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ; ನನ್ನ ವಾಸ ಆ ಕಡೆಯ ಗದ್ದೆಯಲ್ಲಿ. ರಕ್ತದಲ್ಲಿ ಈಗ ಏರಿದ ಸಕ್ಕರೆ ನನಗೆ ತಿಳಿಯುವುದು 5ರಿಂದ 15 ನಿಮಿಷ ತಡವಾಗಿ. ಆದಕಾರಣ, ಕೈ ನಡುಗಿ ಬೆವರೊಡೆದಿರುವಾಗ ನನ್ನ ಅಂಕಿ ಎಷ್ಟೇ ಸೊಗಸಾಗಿದ್ದರೂ ಅದನ್ನು ನಂಬದೆ ಬೆರಳು ಚುಚ್ಚಿ ನೋಡಬೇಕೆಂದು ನನ್ನೊಡನೆ ಬಂದ ಕಾಗದದಲ್ಲಿಯೇ ಅಚ್ಚಾಗಿದೆ. ಆ ಕಾಗದವನ್ನು ಓದಿದವರು ಈ ಮನೆಯಲ್ಲಿ ಯಾರೂ ಇಲ್ಲ.

ನಾನು: ಮೊನ್ನೆ ನಡುರಾತ್ರಿ ಏನೋ ದೊಡ್ಡ ಗಲಭೆಯಾಯಿತಂತೆ?

ಸೆನ್ಸರ್: ಆಯಿತು, ಅಪಕೀರ್ತಿ ಮಾತ್ರ ನನಗೆ ಬಂದಿತು. ಭಾವನವರು ನಿದ್ದೆಯಲ್ಲಿ ಎಡಮಗ್ಗುಲಾದರು. ಅವರ ಮೈಭಾರವೆಲ್ಲ ನನ್ನ ಮೇಲೆ ಬಿದ್ದು, ಸುತ್ತಣ ದ್ರವದ ಸಂಚಾರ ಕುಗ್ಗಿ, ನನಗೆ ಸಿಕ್ಕಿದಷ್ಟನ್ನು ಅಳೆದು ನಾನು 58 ಎಂದೆ. ಮೊಬೈಲು ಕೂಗಿಕೊಂಡಿತು, ಅದರೊಡನೆ ನ್ಯೂಜೆರ್ಸಿಯ ಆಫೀಸಿನಲ್ಲಿ ಮೀಟಿಂಗಿಗೆ ಕುಳಿತಿದ್ದ ಮಗನ ಮೊಬೈಲೂ ಕೂಗಿಕೊಂಡಿತು. ಮಗನು ತಾಯಿಗೆ ಫೋನು ಮಾಡಿದನು. ತಾಯಿ ದೀಪ ಹಾಕಿ, ಒಂದು ಲೋಟ ನೀರಿಗೆ ನಾಲ್ಕು ಚಮಚ ಸಕ್ಕರೆ ಸುರಿದು ಕದಡಿ, ‘ನನಗೇನೂ ಆಗಿಲ್ಲವೇ’ ಎಂದು ಗೊಣಗುತ್ತಿದ್ದ ಗಂಡನ ಬಾಯಿಗೆ ಹಿಡಿದೇಬಿಟ್ಟರು. ಲೋಟ ಬರಿದಾದ ಮೇಲೆ ಬೆರಳು ಚುಚ್ಚುವ ಯಂತ್ರದ ನೆನಪಾಯಿತು. ಚುಚ್ಚಿದರು: 118. ಮಗ್ಗುಲು ಬದಲಿಸಿದ್ದರೆ ಸಾಕಾಗಿತ್ತು, ಸ್ವಾಮಿ! ಆದರೆ ಕುಡಿದ ಸಕ್ಕರೆಯು ಸುಮ್ಮನಿರುತ್ತದೆಯೇ? ಮುಕ್ಕಾಲು ಗಂಟೆಯಲ್ಲಿ ನಾನು 190 ಎಂದೆ, 180 ದಾಟಿದರೆ ಕೂಗಬೇಕೆಂದು ಮಗನೇ ಕಟ್ಟಳೆ ಮಾಡಿಟ್ಟಿದ್ದನಾದ್ದರಿಂದ ಎರಡು ಖಂಡಗಳಲ್ಲಿಯೂ ಮತ್ತೊಮ್ಮೆ ಗಂಟೆ ಬಾರಿಸಿತು, ಮತ್ತು ‘ರಾತ್ರಿ ಊಟದಲ್ಲಿ ಅಪ್ಪ ಏನು ತಿಂದರು?’ ಎಂಬ ವಿಚಾರಣೆಯು ಬೆಳಗಿನವರೆಗೂ ನಡೆಯಿತು.

ನಾನು: ಬೆಳಗಿನ ಜಾವದ ಏರಿಕೆಯ ವಿಷಯವಾಗಿಯೂ ಅಕ್ಕನಿಗೆ ಸಂಶಯವಿದೆ.

ಸೆನ್ಸರ್: ಲಾಡಿನ ಡಬ್ಬವನ್ನು ಮಲಗುವಾಗ ಒಮ್ಮೆ, ಎದ್ದಾಗ ಒಮ್ಮೆ ಎಣಿಸುತ್ತಾರೆ. ಲೆಕ್ಕ ಸರಿಯಾಗಿಯೇ ಇರುತ್ತದೆ. ಆದುದರಿಂದ ಸಂಶಯ ಬೆಲ್ಲದ ಡಬ್ಬದ ಕಡೆಗೆ ತಿರುಗಿದೆ. ನಿಜವಾದ ಕಳ್ಳನು ಭಾವನವರ ಬಲಪಕ್ಕೆಯ ಕೆಳಗೆ, ಪಿತ್ತಕೋಶದ ನೆರೆಯಲ್ಲಿಯೇ ಇದ್ದಾನೆ. ಎಚ್ಚರವಾಗುವ ಮೊದಲು ಕಾರ್ಟಿಸೋಲ್ ಮುಂತಾದ ಹಾರ್ಮೋನುಗಳು ಏರಿ, ಯಕೃತ್ತು ತನ್ನ ಉಗ್ರಾಣದಿಂದ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಆರೋಗ್ಯವಂತರಲ್ಲಿ ಇನ್ಸುಲಿನ್ ಅದನ್ನು ಸರಿದೂಗಿಸುವುದು, ಇವರಲ್ಲಿ ಸರಿದೂಗಿಸಲಾರದು. ಗಂಡ ಕದಿಯಲಿಲ್ಲ, ಯಕೃತ್ತು ಕೊಟ್ಟಿತು ಎಂದರೆ ಯಾವ ಹೆಂಡತಿ ನಂಬುವಳು?

ಇಲ್ಲಿ ಓದುಗರಿಗೆ ಒಂದು ಮಾತು ಅರಿಕೆ ಮಾಡಬೇಕು. ಸೆನ್ಸರಿನ ಧ್ವನಿಯಲ್ಲಿ ದೂರಿನ ಲೇಶವೂ ಇರಲಿಲ್ಲ. ತೋಳಿನ ಮೇಲೆ ಕುಳಿತು ಇಷ್ಟು ದಾಂಪತ್ಯವನ್ನು ಕೇಳಿದವರಾರೂ ಅಷ್ಟು ನಿರ್ಲಿಪ್ತರಾಗಿರಲಾರರು. ನಾನು ಇನ್ನೊಂದು ಸೂಕ್ಷ್ಮವಾದ ಪ್ರಶ್ನೆಗೆ ಕೈ ಹಾಕಿದೆನು.

ನಾನು: ಮುದ್ದೆ ತಿಂದರೆ ಶುಗರ್ ಏರುವುದೇ ಇಲ್ಲವೆನ್ನುತ್ತಾರಲ್ಲ?

ಸೆನ್ಸರ್: ಈ ಪ್ರಶ್ನೆಯನ್ನು ಮಂಡ್ಯದಲ್ಲಿ ಕೇಳಬಾರದಾಗಿತ್ತು. ರಾಗಿಯಲ್ಲಿ ಪಾಲಿಷ್ ಅಕ್ಕಿಗಿಂತ ನಾರು ಹೆಚ್ಚೆಂಬುದು ದಿಟ. ಆದರೆ ರಾಗಿಯಲ್ಲಿಯೂ ಹೆಚ್ಚಿನ ಪಾಲು ಪಿಷ್ಟವೇ. ಅದನ್ನು ನುಣ್ಣಗೆ ಬೀಸಿಸಿ, ಕುದಿಯುವ ನೀರಿನಲ್ಲಿ ತೊಳಸಿ, ಅಗಿಯದೆ ಎರಡು ದಪ್ಪ ಮುದ್ದೆಗಳನ್ನು ನುಂಗಿ, ಮೇಲೆ ಒಂದು ತಟ್ಟೆ ಅನ್ನವನ್ನೂ ಸಾರಿನೊಡನೆ ಮುಗಿಸಿದಾಗ ನಾನು 240 ಎಂದರೆ, ‘ಇದು ಗೋಧಿ ತಿನ್ನುವ ದೇಶದಲ್ಲಿ ತಯಾರಾದ ಯಂತ್ರ, ಇದಕ್ಕೆ ರಾಗಿಯ ಮೇಲೆ ದ್ವೇಷ’ ಎಂದು ಭಾವನವರು ತೀರ್ಪು ಕೊಟ್ಟರು. ಅದೇ ಮನುಷ್ಯರು ಒಂದು ದಿನ, ಅಕ್ಕನವರು ಅನ್ನವಾಗುವುದು ತಡವೆಂದು ಮೊದಲೇ ಬಡಿಸಿದ ಕೋಸಂಬರಿಯನ್ನೂ ಹುರುಳಿಕಾಯಿ ಪಲ್ಯವನ್ನೂ ಬೇಸರದಿಂದ ತಿಂದು ಮುಗಿಸಿ, ಅನಂತರ ಅನ್ನ ಉಂಡು, ವಿದ್ಯುತ್ ಹೋಗಿ ಸೆಕೆಯೆಂದು ಬೀದಿಯಲ್ಲಿ ಇಪ್ಪತ್ತು ನಿಮಿಷ ಅಡ್ಡಾಡಿದಾಗ ನಾನು 165ನ್ನು ದಾಟಲೇ ಇಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ಗಂಟೆ ಬಾರಿಸಲಿಲ್ಲವಲ್ಲ!

ನಾನು: ಒಟ್ಟಿನಲ್ಲಿ ಇವರ ಫಲಿತಾಂಶವೇನು?

ಸೆನ್ಸರ್: 70ರಿಂದ 180ರ ಒಳಗೆ ಇದ್ದ ಕಾಲ ನೂರಕ್ಕೆ 64. ಶೇಕಡ 70 ಬರಲಿಲ್ಲವೆಂದು ಮನೆಯಲ್ಲಿ ಸೂತಕದ ಕಳೆ. 2019ರಲ್ಲಿ ಅಂತರರಾಷ್ಟ್ರೀಯ ತಜ್ಞರು ಸೇರಿ ಬರೆದ ಒಪ್ಪಂದದಲ್ಲಿ, ವೃದ್ಧರಿಗೂ ಅಪಾಯಸಾಧ್ಯತೆ ಹೆಚ್ಚಿರುವವರಿಗೂ ಶೇಕಡ 50 ದಾಟಿದರೆ ಸಾಕು, ಸಕ್ಕರೆ ಕುಸಿಯದಂತೆ ನೋಡಿಕೊಳ್ಳುವುದೇ ಮುಖ್ಯ ಎಂದಿದೆ. ಎಪ್ಪತ್ತೆಂಟರ ವಯಸ್ಸಿನಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಇದು ಪ್ರಥಮ ದರ್ಜೆ. ಆದರೆ ಜೀವಮಾನವೆಲ್ಲ 35 ಬಂದ ಹುಡುಗರ ಬೆನ್ನು ತಟ್ಟಿ ಪಾಸು ಮಾಡಿದ ಮೇಷ್ಟ್ರನ್ನು, ಈಗ ಹೆಂಡತಿ ಮಕ್ಕಳು ಸೇರಿ 64ಕ್ಕೆ ಫೇಲು ಮಾಡಿ ಕೂರಿಸಿದ್ದಾರೆ. ನಾನು ಅಳೆದದ್ದು ಸಕ್ಕರೆಯನ್ನು. ಇವರು ಓದಿಕೊಂಡದ್ದು ನಡತೆಯ ಪ್ರಮಾಣಪತ್ರವನ್ನು.

ನಾನು: ತಮ್ಮ ಸೇವೆ ಎಲ್ಲರಿಗೂ ದೊರೆಯುವಂತಿದೆಯೇ?

ಸೆನ್ಸರ್: ಈ ದೇಶದಲ್ಲಿ ಮಧುಮೇಹಿಗಳು 10.1 ಕೋಟಿಯೆಂದು ಐಸಿಎಂಆರ್ ಸಮೀಕ್ಷೆ 2023ರಲ್ಲಿ ಪ್ರಕಟಿಸಿತು. ನನ್ನ ಬೆಲೆ ಸಾವಿರಗಳಲ್ಲಿದೆ. ಬಾಳುವುದು ಎರಡು ವಾರ. ದಿನಕ್ಕೆ ನಾಲ್ಕು ಬಾರಿ ಇನ್ಸುಲಿನ್ ಬೇಕಾಗಿ, ಶಾಲೆಯಲ್ಲಿ ಯಾವಾಗ ಸಕ್ಕರೆ ಕುಸಿಯುವುದೋ ಎಂಬ ಭಯದಲ್ಲಿರುವ ಬಡವರ ಮಕ್ಕಳ ತೋಳಿಗೆ ನಾನು ಹೋಗಬೇಕು, ಹೋಗುವುದು ಅಪರೂಪ. ನನ್ನ ದಾಯಾದಿಯೊಬ್ಬನು ಮಾತ್ರ ಬೆಂಗಳೂರಿನಲ್ಲಿ ಯಾವ ರೋಗವೂ ಇಲ್ಲದ ಒಬ್ಬ ತರುಣನ ತೋಳಿನ ಮೇಲೆ ಕುಳಿತು, ಮಸಾಲೆದೋಸೆಗೆ ಎಷ್ಟು, ಸೆಟ್ ದೋಸೆಗೆ ಎಷ್ಟು ಎಂದು ವರದಿ ಒಪ್ಪಿಸುತ್ತಿದ್ದಾನೆ.

ಅಷ್ಟರಲ್ಲಿ ಮೊಬೈಲು ‘ಅವಧಿ ಮುಗಿಯಿತು’ ಎಂದು ಸಾರಿತು. ಭಾವನವರು ಪತ್ರಿಕೆಯ ಮರೆಯಿಂದ ಮುಖವೆತ್ತಿ, ಅದುವರೆಗೆ ನಿದ್ರಿಸಿಯೇ ಇರಲಿಲ್ಲವೆಂಬುದು ಗೊತ್ತಾಗುವಂತೆ ನಕ್ಕು, ಹೊಸದನ್ನು ಹಚ್ಚಿದ ಮೇಲೆ ಮೊದಲ ಅಂಕಿ ಬರುವುದಕ್ಕೆ ಒಂದು ಗಂಟೆ ಬೇಕಷ್ಟೆ ಎಂದು ನನ್ನನ್ನು ಕೇಳಿದರು. ಆ ಒಂದು ಗಂಟೆಯ ಮೇಲೆ ಅವರು ಕಣ್ಣಿಟ್ಟಿದ್ದುದು ಇಂದು ನಿನ್ನೆಯಿಂದಲ್ಲ.

‘ಏನೂ ಪ್ರಯೋಜನವಿಲ್ಲ, ಸ್ವಾಮಿ,’ ಎಂದಿತು ಸೆನ್ಸರು, ಕಳಚಿಕೊಳ್ಳುತ್ತಲೇ. ‘ಹೋಳಿಗೆಯ ಏರಿಕೆ ಗಂಟೆಯೊಳಗೆ ಇಳಿಯದು, ಹೊಸಬನು ಕಣ್ಣು ಬಿಟ್ಟೊಡನೆ ಕಾಣುವುದೇ ಅದರ ಶಿಖರ. ತುಪ್ಪ ಹೆಚ್ಚಾಗಿದ್ದರೆ ಮಾತ್ರ ಜೀರ್ಣವಾಗುವುದು ತಡ, ಏರುವುದೂ ತಡ.’

ಅಕ್ಕ ಒಳಗಿನಿಂದ ಬಂದಳು. ಒಂದು ಕೈಯಲ್ಲಿ ಹೊಸ ಸೆನ್ಸರಿನ ಪೆಟ್ಟಿಗೆ, ಇನ್ನೊಂದರಲ್ಲಿ ಚಿಕ್ಕ ತಟ್ಟೆ, ತಟ್ಟೆಯಲ್ಲಿ ಅಳೆದು ಕತ್ತರಿಸಿದಂತಿದ್ದ ಅರ್ಧ ಹೋಳಿಗೆ. ಭಾವನವರು ಪೆಟ್ಟಿಗೆಯ ಕಡೆಗೆ ನೋಡಲಿಲ್ಲ. ತಟ್ಟೆಯನ್ನು ಎಡಕ್ಕೂ ಬಲಕ್ಕೂ ಓರೆಮಾಡಿ ಪರೀಕ್ಷಿಸಿ, ‘ತುಪ್ಪವೆಲ್ಲಿ?’ ಎಂದರು.