ಇಪ್ಪತ್ತೈದು ಚೌಕಗಳ ಸನ್ನಿಧಾನಕ್ಕೆ ಒಂದು ಬಿನ್ನವತ್ತಳೆ

ಮಹಾಮಹಿಮರಾದ ಶ್ರೀ ರಿಸ್ಕ್ ಮ್ಯಾಟ್ರಿಕ್ಸ್ ಅವರ ಸನ್ನಿಧಾನಕ್ಕೆ,

ವಿಮಾನ ನಿಲ್ದಾಣವೊಂದರ ಏಪ್ರನ್‌ನಲ್ಲಿ, ಅಂದರೆ ವಿಮಾನಗಳು ನಿಲ್ಲುವ ಅಂಗಳದಲ್ಲಿ, ರಾತ್ರಿ ಪಾಳಿ ಮಾಡುವ ನೌಕರನ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ಇಲ್ಲಿ ನಾವೆಲ್ಲ ಕ್ಷೇಮ. ಕ್ಷೇಮವೆಂದು ತಾವೇ ಹಸಿರು ಬಣ್ಣದಲ್ಲಿ ಬರೆದುಕೊಟ್ಟಿದ್ದೀರಿ.

ತಮ್ಮ ರೂಪವನ್ನು ಎಷ್ಟು ಹೊಗಳಿದರೂ ಸಾಲದು. ಅಡ್ಡಕ್ಕೆ ಐದು, ಉದ್ದಕ್ಕೆ ಐದು. ಅವಘಡ ಎಷ್ಟು ಸಲ ಆದೀತು ಎನ್ನುವುದಕ್ಕೆ 5ರಿಂದ 1, ಆದಲ್ಲಿ ಎಷ್ಟು ಹಾನಿ ಎನ್ನುವುದಕ್ಕೆ ಎಯಿಂದ ಇ. 5ಎ ಕಡುಕೆಂಪು, 1ಇ ಎಳೆಹಸಿರು. ನಮ್ಮೂರ ಜೋಯಿಸರು ಹನ್ನೆರಡೇ ಮನೆಯಲ್ಲಿ ಜಾತಕ ಮುಗಿಸುತ್ತಿದ್ದರು, ತಮ್ಮದು ಇಪ್ಪತ್ತೈದು. ಅವರು ದೋಷ ಕಂಡರೆ ಶಾಂತಿ ಮಾಡಿಸಿ ಎನ್ನುತ್ತಿದ್ದರು; ತಾವು ‘ತರಬೇತಿ ಕೊಡಿ, ಪೋಸ್ಟರ್ ಅಂಟಿಸಿ’ ಎನ್ನುತ್ತೀರಿ. ದಕ್ಷಿಣೆಯಲ್ಲಷ್ಟೇ ವ್ಯತ್ಯಾಸ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಸುರಕ್ಷತಾ ನಿರ್ವಹಣೆಗೆಂದೇ ರೂಪಿಸಿದ 19ನೇ ಅನುಬಂಧ 2013ರಲ್ಲಿ ಜಾರಿಗೆ ಬಂದ ಮೇಲಂತೂ ತಮ್ಮ ಪಟ ನೇತುಹಾಕದ ಕಚೇರಿಯನ್ನು ನಾನು ಕಂಡಿಲ್ಲ.

ತಾವು ನನಗೆ ಮಾಡಿದ ಉಪಕಾರವನ್ನು ಇಲ್ಲಿ ಸ್ಮರಿಸದಿದ್ದರೆ ಕೃತಘ್ನನಾದೇನು. ವಿಮಾನದ ಹೊಟ್ಟೆಗೆ ಸಾಮಾನು ಏರಿಸುವ ಬೆಲ್ಟ್ ಗಾಡಿಯೊಂದಿದೆ. ಅದರ ಹ್ಯಾಂಡ್‌ಬ್ರೇಕ್ ಸಡಿಲ. ಮಳೆಯ ರಾತ್ರಿಯೊಂದರಲ್ಲಿ ಅದು ತಾನಾಗಿಯೇ ಹೊರಟು, ತುಂಬಿದ ವಿಮಾನದ ಮೈಗೆ ಒಂದು ಗೇಣು ದೂರದಲ್ಲಿ ನಿಂತಿತು. ನಿಲ್ಲಿಸಿದವನು ನಾನಲ್ಲ, ಬ್ರೇಕೂ ಅಲ್ಲ. ನೆಲದ ಒಂದು ಸಣ್ಣ ತಗ್ಗು. ಎದೆ ಹೊಡೆದುಕೊಳ್ಳುತ್ತಲೇ ವರದಿ ಬರೆದೆ. ನನ್ನ ಅಲ್ಪಮತಿಗೆ ಅದು 4ಬಿ, ಅಂದರೆ ಕೆಂಪು.

ಮೀಟಿಂಗಿನಲ್ಲಿ ಸಾಹೇಬರು ಒಂದೇ ಪ್ರಶ್ನೆ ಕೇಳಿದರು: ‘ಮುಟ್ಟಿತೇನು?’

‘ಇಲ್ಲ ಸರ್.’

‘ಮುಟ್ಟಲಿಲ್ಲವಲ್ಲ!’

ಅಷ್ಟೇ. ಮುಟ್ಟದ್ದರಿಂದ ಹಾನಿ ಡಿ. ಹಿಂದೆಂದೂ ಆಗದ್ದರಿಂದ ಸಂಭವ 2. ಕೆಂಪಾಗಿದ್ದ ಗಾಡಿ ಚಹಾ ಆರುವುದರೊಳಗೆ 2ಡಿಯಾಗಿ ಹಸಿರಾಯಿತು. ಸ್ಪ್ಯಾನರ್ ಮುಟ್ಟದೆ ಬ್ರೇಕ್ ರಿಪೇರಿ ಮಾಡುವ ತಮ್ಮ ವಿದ್ಯೆಯನ್ನು ಕಂಡು ನಮ್ಮ ಮೆಕ್ಯಾನಿಕ್‌ಗಳು ಇನ್ನೂ ಬೆರಗಾಗಿದ್ದಾರೆ. ಗಾಡಿಯ ಪಕ್ಕದ ಗೋಡೆಗೆ ‘ಸುರಕ್ಷತೆಯೇ ಮೊದಲು’ ಎಂಬ ಪೋಸ್ಟರ್ ಬಂತು. ನನಗೆ ಅರ್ಧ ದಿನದ ತರಬೇತಿಯೂ ದಯಪಾಲಿಸಲ್ಪಟ್ಟಿತು. ವರದಿ ಮಾಡಿದವರನ್ನು ಶಿಕ್ಷಿಸಬಾರದೆಂಬ ನಿಯಮವಿದೆ, ಆದ್ದರಿಂದ ಅದು ಶಿಕ್ಷೆಯಲ್ಲ.

ಆ ತರಬೇತಿಯಲ್ಲಿ ಜೇಮ್ಸ್ ರೀಸನ್ ಎಂಬ ಮನಶ್ಶಾಸ್ತ್ರಜ್ಞರ ಸ್ವಿಸ್ ಚೀಸ್ ಚಿತ್ರ ತೋರಿಸಿದರು. ಒಂದೊಂದು ರಕ್ಷಣೆಯೂ ಚೀಸಿನ ಒಂದು ಬಿಲ್ಲೆ, ಪ್ರತಿಯೊಂದರಲ್ಲೂ ತೂತು; ತೂತುಗಳೆಲ್ಲ ಒಂದೇ ಸಾಲಿಗೆ ಬಂದ ದಿನ ಅಪಘಾತ. ನಮಗೆ ಥಟ್ಟನೆ ತಿಳಿಯಿತು. ಎಲ್ಲರ ಮನೆ ದೋಸೆಯೂ ತೂತೇ ಎಂದು ಕೇಳುತ್ತ ಬೆಳೆದವರಲ್ಲವೇ? ಆದರೆ ನಾವು ದೋಸೆಯನ್ನು ಸಮಾಧಾನಕ್ಕೆ ನೆನೆಯುತ್ತೇವೆ, ರೀಸನ್ ಚೀಸ್ ಹಿಡಿದದ್ದು ಎಚ್ಚರಿಕೆಗೆ. ತಮ್ಮ ಆಸ್ಥಾನದಲ್ಲಿ ದೋಸೆಯೇ ಗೆದ್ದಿದೆ.

‘ಮುಟ್ಟಲಿಲ್ಲವಲ್ಲ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯ ಗುಡ್ಡ ನೆನಪಾಗುತ್ತದೆ. 1981ರ ಆಗಸ್ಟಿನಲ್ಲಿ ಅಲ್ಲಿನ ಹಳೆಯ ರನ್‌ವೇಯಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದು ನಿಲ್ಲಬೇಕಾದಲ್ಲಿ ನಿಲ್ಲದೆ ಅದರ ಅಂಚು ದಾಟಿ ನಿಂತಿತ್ತು. ಯಾರೂ ಸಾಯಲಿಲ್ಲ. 2006ರಲ್ಲಿ ಅದೇ ಗುಡ್ಡದ ಮೇಲೆ 2450 ಮೀಟರಿನ ಹೊಸ ರನ್‌ವೇ ಬಂತು, ಅದೂ ಗುಡ್ಡದ ನೆತ್ತಿಯ ಮೇಲೆ ಮೇಜಿನಂತಿರುವ ಟೇಬಲ್‌ಟಾಪ್. (ತಮ್ಮನ್ನೂ ಕಚೇರಿಯಲ್ಲಿ ಟೇಬಲ್ ಎಂದೇ ಕರೆಯುತ್ತಾರೆ. ಅಂಚಿನಾಚೆ ಏನಿದೆ ಎಂದು ಎರಡೂ ಹೇಳುವುದಿಲ್ಲ.) 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಆ ರನ್‌ವೇಯ ಅರ್ಧಕ್ಕೂ ಹೆಚ್ಚು ಭಾಗ ಕಳೆದ ಮೇಲೆ ನೆಲ ಮುಟ್ಟಿ, ಅಂಚು ದಾಟಿ ಕೆಳಗುರುಳಿತು. 166 ಜನರಲ್ಲಿ ಉಳಿದವರು ಎಂಟು.

ಕ್ಯಾಪ್ಟನ್ ಹಾರಾಟದ ನಡುವೆ ಒಂದೂವರೆ ಗಂಟೆಗೂ ಹೆಚ್ಚು ನಿದ್ರಿಸಿದ್ದರು ಎಂದು ತನಿಖೆ ಹೇಳಿತು. ಗೋ ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದೂ ಧ್ವನಿಮುದ್ರಿಕೆಯಿಂದ ಹೊರಬಂತು. ಇದನ್ನು ತಮ್ಮ ಮೇಲೆ ಹೊರಿಸುವಷ್ಟು ಉದ್ಧಟ ನಾನಲ್ಲ. ತಮ್ಮ ಜ್ಞಾನಭಂಡಾರದಿಂದ ಒಂದೇ ಒಂದು ಸಂದೇಹ ಪರಿಹರಿಸಿಕೊಡಿ ಸ್ವಾಮಿ: ಹಿರಿಯರಿಗೆ ಮೂರು ಸಲ ಹೇಳಿದರೂ ನಾಟದ ಮಾತನ್ನು ಯಾವ ಚೌಕದಲ್ಲಿ ಬರೆಯಬೇಕು?

ಉತ್ತರಕ್ಕೆ ಅವಸರವಿಲ್ಲ. ತಮಗೆ ಕೈ ತುಂಬ ಕೆಲಸವೆಂದು ಬಲ್ಲೆ. ಆಡಿಟ್ ಹತ್ತಿರ ಬಂತು, ಹಳದಿಗಳೆಲ್ಲ ಹಸಿರಾಗಬೇಕಿದೆ.

ಕೊನೆಗೊಂದು ತಪ್ಪೊಪ್ಪಿಗೆ. ಬ್ರೇಕ್ ಇನ್ನೂ ಹಾಗೆಯೇ ಇರುವುದರಿಂದ, ಗಾಡಿಯ ಚಕ್ರ ಉರುಳದಂತೆ ಕೊಡುವ ಚೋಕ್ ಕೂಡ ಕಳೆದುಹೋಗಿರುವುದರಿಂದ, ರಾತ್ರಿ ಹೊತ್ತು ಚಕ್ರಕ್ಕೊಂದು ಕಲ್ಲು ಕೊಟ್ಟು ನಿಲ್ಲಿಸುತ್ತಿದ್ದೇನೆ. ಏಪ್ರನ್‌ನಲ್ಲಿ ಕಲ್ಲು ಬಿದ್ದಿರುವುದು ಅಪರಾಧ, ಎಂಜಿನ್ ಅದನ್ನು ಸೆಳೆದುಕೊಂಡೀತು. ನಿನ್ನೆ ಸಾಹೇಬರ ಕಣ್ಣಿಗೆ ಅದು ಬಿತ್ತು. ಈಗ ನನ್ನ ಕಲ್ಲು ಕೆಂಪು ಚೌಕದಲ್ಲಿದೆ.

ಇಂತಿ ತಮ್ಮ ವಿಧೇಯ,
2ಡಿ