ಬಾಟಲಿ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವರು ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇವೆ. ವಿಷಯ: ಹಳೆಯ ಕಾರಿನ ಆಯಿಲ್ಲಿಗೂ ಪೆಟ್ರೋಲಿಗೂ ಮೇಲಿನಿಂದ ಸುರಿಯುವ ಸಣ್ಣ ಬಾಟಲಿ, ಅಂದರೆ ಅಡಿಟಿವ್. ಪ್ರಯೋಜನ: ಅದರಿಂದ ಪ್ರಯೋಜನವುಂಟೇ ಎಂಬುದೇ ಪ್ರಶ್ನೆಯಾದ್ದರಿಂದ ಈ ಕಲಂ ಸದ್ಯಕ್ಕೆ ಖಾಲಿ. ಸಂಬಂಧ: ಬಾಟಲಿಗೂ ಕಾರಿಗೂ ಸಂಯೋಗ, ದುಡ್ಡಿಗೂ ಜೇಬಿಗೂ ವಿಯೋಗ. ಅಧಿಕಾರಿ: ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್ ಇವುಗಳಲ್ಲಿ ಒಂದನ್ನು ಸಾಕಿಕೊಂಡು, ‘ಅದನ್ನ ಮಾರಬಾರದಾ’ ಎಂದು ಮನೆಯಲ್ಲಿ ಕೇಳಿದಾಗಲೆಲ್ಲ ಹೊರಗೆ ಹೋಗಿ ಬಾನೆಟ್ ಎತ್ತುವವನು. ಡೀಸೆಲ್ ಅಂಬಾಸಿಡರ್ ಉಳ್ಳವರಿಗೆ ಇಲ್ಲಿ ಅಧಿಕಾರವಿಲ್ಲ. ಅವರ ಕರ್ಮಕಾಂಡವೇ ಬೇರೆ.

ಲಕ್ಷಣ ಹೇಳದೆ ವಾದಕ್ಕಿಳಿಯುವಂತಿಲ್ಲ. ‘ಎಡಗಡೆ ಕಪ್ಪು, ಬಲಗಡೆ ಹೊಳಪು ಇರುವ ಜೋಡಿಚಿತ್ರ ಯಾವುದರ ಮೇಲಿದೆಯೋ ಅದೇ ಅಡಿಟಿವ್’ ಎಂದು ಮೊದಲು ಬರೆದೆವು. ಅದು ಟೂತ್‌ಪೇಸ್ಟಿಗೂ ಪಾತ್ರೆ ತೊಳೆಯುವ ಸೋಪಿಗೂ ಅನ್ವಯಿಸಿ ಅತಿವ್ಯಾಪ್ತಿ ದೋಷ ತಟ್ಟಿತು. ‘ಪಿಸ್ಟನ್ನಿನ ಜೋಡಿಚಿತ್ರ’ ಎಂದು ತಿದ್ದಿದೆವು. ಆಗ ಪೆಟ್ರೋಲ್ ಬಂಕಿನ ಹುಡುಗ ಕೈಯಲ್ಲಿ ಹಿಡಿದು ಬರುವ, ಚಿತ್ರವೇ ಇಲ್ಲದ ಬೆರಳುದ್ದದ ಸೀಸೆ ಹೊರಗುಳಿದು ಅವ್ಯಾಪ್ತಿಯಾಯಿತು. ಕೊನೆಗೆ ನಿರ್ದುಷ್ಟ ಲಕ್ಷಣ ಹೀಗೆ ಸಿದ್ಧವಾಗಿದೆ: ಇದನ್ನು ಹಾಕಿದರೆ ಏನಾಗುತ್ತದೆ ಎಂದು ಕೇಳಿದಾಗ ‘ಹಾಕಿ ನೋಡಿ ಸಾರ್, ನಿಮಗೇ ಗೊತ್ತಾಗತ್ತೆ’ ಎಂಬ ಉತ್ತರ ಯಾವುದಕ್ಕೆ ಬರುತ್ತದೆಯೋ ಅದು ಅಡಿಟಿವ್. ಇದರಲ್ಲಿ ದೋಷ ತೋರಿಸಿದ ವಿದ್ವಾಂಸರಿಗೆ ಒಂದು ಲೀಟರ್ ಆಯಿಲ್ ಬಹುಮಾನ.

ಇನ್ನು ಗುರುಪರಂಪರೆ. ಈ ದರ್ಶನದ ಮೂಲಪುರುಷರು ಅಮೆರಿಕದ ಥಾಮಸ್ ಮಿಡ್ಜ್‌ಲಿ. ಜನರಲ್ ಮೋಟರ್ಸ್‌ನಲ್ಲಿದ್ದ ಇವರು 1921ರ ಡಿಸೆಂಬರಿನಲ್ಲಿ ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್ ಬೆರೆಸಿ ಎಂಜಿನ್ನಿನ ನಾಕಿಂಗ್ ನಿಲ್ಲಿಸಿದರು. ಅಳತೆಗೆ ಸಿಗುವಂತೆ ಕೆಲಸ ಮಾಡಿದ ಅಡಿಟಿವ್ ಅದು. ಊರೂರಿಗೆ ಸೀಸದ ವಿಷ ಉಣಿಸಿದ್ದೂ ಅದೇ. 1924ರಲ್ಲಿ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರು ಬುದ್ಧಿಭ್ರಮಣೆಯಾಗಿ ಸತ್ತರು. ಪತ್ರಕರ್ತರು ಮುತ್ತಿಕೊಂಡಾಗ ಆಚಾರ್ಯರು ಅದೇ ದ್ರವದಲ್ಲಿ ಕೈ ತೊಳೆದು, ಒಂದು ನಿಮಿಷ ಮೂಸಿ, ‘ನೋಡಿ, ಏನೂ ಆಗಲಿಲ್ಲ’ ಎಂಬಂತೆ ನಿಂತರು. ಹಿಂದಿನ ವರ್ಷವೇ ಸೀಸದ ವಿಷವೇರಿ ರಜೆ ಹಾಕಿ ಫ್ಲಾರಿಡಾದ ಬಿಸಿಲು ಕಾಯಿಸಿ ಬಂದಿದ್ದರೆಂಬುದನ್ನು ಆ ಸಭೆಯಲ್ಲಿ ಪ್ರಸ್ತಾಪಿಸಲಿಲ್ಲ. ‘ಹಾಕಿ ನೋಡಿ ಸಾರ್’ ಎಂಬುದನ್ನು ಸ್ವಂತ ಮೈಮೇಲೆ ಆಚರಿಸಿದ ಮಾರಾಟಗಾರರು ಇವರ ನಂತರ ಹುಟ್ಟಿಲ್ಲ. ಭಾರತದಲ್ಲಿ ಸೀಸದ ಪೆಟ್ರೋಲ್ 2000ದ ಫೆಬ್ರವರಿ 1ಕ್ಕೆ ಪೂರ್ತಿ ನಿಂತಿತು. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾ 2021ರಲ್ಲಿ ನಿಲ್ಲಿಸಿತು. ಹಳೆ ಕಾರಿನವರ ಶೋಕಾಚರಣೆ ಮಾತ್ರ ಇನ್ನೂ ಮುಗಿದಿಲ್ಲ.

ಸೀಸಾಧಿಕರಣ

ಪೂರ್ವಪಕ್ಷಿ ಹೇಳುತ್ತಾನೆ: ‘ಅಂಬಾಸಿಡರಿನ 1489 ಸಿಸಿ ಎಂಜಿನ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನದು. ಬೀಡು ಕಬ್ಬಿಣದ ಹೆಡ್ಡು, ಅದರಲ್ಲೇ ಕೊರೆದ ವಾಲ್ವ್ ಸೀಟು. ಸೀಸ ಉರಿದು ಉಳಿದ ಬೂದಿ ವಾಲ್ವಿಗೂ ಸೀಟಿಗೂ ನಡುವೆ ತೆಳ್ಳಗೆ ಹರಡಿಕೊಂಡು ಕಬ್ಬಿಣ ಕಬ್ಬಿಣಕ್ಕೆ ತಾಗದಂತೆ ಕಾಯುತ್ತಿತ್ತು. ಈಗ ಅದಿಲ್ಲ. ಕಾದ ಎಗ್ಸಾಸ್ಟ್ ವಾಲ್ವು ಸೀಟಿಗೆ ಅಂಟಿ, ಕಿತ್ತು, ಅಂಟಿ, ಕಿತ್ತು, ಹೆಡ್ಡಿನೊಳಕ್ಕೆ ಇಳಿಯುತ್ತದೆ. ಆದ್ದರಿಂದ ಬಾಟಲಿ ಬೇಕು.’

ಈ ಪೂರ್ವಪಕ್ಷ ಸುಳ್ಳಲ್ಲ. ಅಣಕು ಪ್ರಬಂಧಕಾರನಿಗೆ ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿಲ್ಲ. ಬ್ರಿಟನ್ನಿನ ಹಳೆ ವಾಹನ ಕ್ಲಬ್ಬುಗಳ ಒಕ್ಕೂಟವು ಇಂಥ ದ್ರವಗಳನ್ನು ಎಂಜಿನ್ನಿಗೆ ಹಾಕಿ ಪರೀಕ್ಷೆ ಮಾಡಿಸಿದಾಗ ಕೆಲವು ಪಾಸಾದವು. ಸೋಡಿಯಂ, ಪೊಟ್ಯಾಸಿಯಂ, ಮ್ಯಾಂಗನೀಸ್, ಫಾಸ್ಫರಸ್ ಇವುಗಳಲ್ಲಿ ಯಾವುದಾದರೂ ಒಂದು ಸೀಸದ ಜಾಗದಲ್ಲಿ ಕೂತು ಸೀಟನ್ನು ಕಾಯಬಲ್ಲದು. ಒಂದಕ್ಕೊಂದು ಬೆರೆಸಬಾರದು, ಬೆರೆಸಿದರೆ ವೈದ್ಯರು ಹೇಳುವ ವಿರುದ್ಧಾಹಾರ.

ಆದರೆ ಸಿದ್ಧಾಂತಿಯ ಪ್ರಶ್ನೆ ಬೇರೆ: ಈ ರೋಗ ಯಾರಿಗೆ ಬರುತ್ತದೆ? ಹೆಚ್ಚು ಹೊತ್ತು ಹೆಚ್ಚು ವೇಗದಲ್ಲಿ, ಭಾರ ಹೊತ್ತು, ಕಾದು ಕೆಂಪಾಗಿ ಓಡುವ ಎಂಜಿನ್ನಿಗೆ. ಬೆಂಗಳೂರಿನ ಟೌನ್‌ಹಾಲ್ ಸಿಗ್ನಲ್ಲಿನಿಂದ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗಿ ಬರುವುದರಲ್ಲೇ ಭಾನುವಾರ ಮುಗಿಸುವ ಅಂಬಾಸಿಡರಿಗೆ ವೇಗಜನ್ಯ ವ್ಯಾಧಿ ಬರಬೇಕಾದರೆ ಮೊದಲು ವೇಗ ಬರಬೇಕು. ಪದ್ಮಿನಿಯವರು ಇನ್ನೂ ನಿಶ್ಚಿಂತರು. ಅದರ ಹೆಡ್ಡು ಅಲ್ಯುಮಿನಿಯಂ, ಸೀಟುಗಳನ್ನು ಹೊರಗಿನಿಂದಲೇ ಕೂರಿಸಿರುತ್ತಾರೆ. ಮೈಸೂರು ಹೈವೇಯಲ್ಲಿ ಎಂಬತ್ತರಲ್ಲಿ ಹೊಡೆಯುವ ವ್ರತವಿರುವವರು ಮುಂದಿನ ಸಲ ಹೆಡ್ಡು ಬಿಚ್ಚಿದಾಗ ಲೇತಿನವರ ಹತ್ತಿರ ಗಟ್ಟಿ ಸೀಟು ಹಾಕಿಸಿಬಿಟ್ಟರೆ ಬಾಟಲಿಯ ಹಂಗು ಹರಿಯಿತು. ಇದನ್ನು ಹೇಳಿದರೆ ಪೂರ್ವಪಕ್ಷಿಗೆ ಖುಷಿಯಾಗುವುದಿಲ್ಲ. ಅವನಿಗೆ ಬೇಕಿರುವುದು ಪರಿಹಾರವಲ್ಲ, ಪ್ರತಿ ತಿಂಗಳ ಪೂಜೆ.

ಇದೇ ಶಾಖೆಯಲ್ಲಿ ತವರದ ಗುಳಿಗೆಯವರು ಎಂಬ ಒಂದು ಪೌರಾಣಿಕ ಪಂಗಡವಿದೆ. 1941ರಲ್ಲಿ ಬ್ರಿಟಿಷರ ಹರಿಕೇನ್ ವಿಮಾನಗಳು ರಷ್ಯಾದ ಉತ್ತರ ತುದಿಗೆ ಹೋದಾಗ ಅಲ್ಲಿನ ಕಳಪೆ ಪೆಟ್ರೋಲಿಗೆ ಎಂಜಿನ್ನುಗಳು ಕೆಮ್ಮಿದವಂತೆ, ತವರ ಹಾಕಿದ ಮೇಲೆ ಹಾರಿದವಂತೆ. ಆದ್ದರಿಂದ ನಿಮ್ಮ ಟ್ಯಾಂಕಿಗೂ ನಾಲ್ಕು ತವರದ ಉಂಡೆ ಹಾಕಿಕೊಳ್ಳಿ ಎಂಬುದು ಉಪದೇಶ. ಸ್ಥಳಪುರಾಣಗಳಲ್ಲಿ ಹೀಗೆ ದೂರದ ಹಿಮ, ಯುದ್ಧ ಮತ್ತು ಒಂದು ಲೋಹ ಮೂರೂ ಇದ್ದರೆ ಫಲಶ್ರುತಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ನಾವೂ ಮುಂದಕ್ಕೆ ಹೋಗುತ್ತೇವೆ.

ಶಬ್ದಾಧಿಕರಣ

ಬಾಟಲಿವಾದಿಗಳ ಪ್ರಮಾಣಗಳನ್ನೆಲ್ಲ ಜಾಲಿಸಿದರೆ ಕೊನೆಗೆ ಕೈಯಲ್ಲಿ ಉಳಿಯುವುದು ಒಂದೇ: ‘ಹಾಕಿದ ಮೇಲೆ ಗಾಡಿ ಸ್ಮೂತಾಯ್ತು, ಸದ್ದೇ ಇಲ್ಲ.’ ಈ ವಾಕ್ಯದಲ್ಲಿ ಎರಡು ಅಪಾಯಗಳು ಅಡಗಿವೆ, ಎರಡನ್ನೂ ಬಿಡಿಸಿ ಹೇಳುವುದು ಅಗತ್ಯ. ಪ್ರಬಂಧದ ಉಳಿದ ಭಾಗವನ್ನು ಹಾರಿಸಿದವರು ಇಷ್ಟನ್ನಾದರೂ ಓದಬೇಕು.

ಮೊದಲನೆಯದು. ಆಯಿಲ್ಲಿಗೆ ಹಾಕುವ ಅನೇಕ ಬಾಟಲಿಗಳಲ್ಲಿರುವುದು ಜೇನಿನಷ್ಟು ಮಂದವಾದ ದ್ರವ. ಹಾಕಿದೊಡನೆ ಆಯಿಲ್ ದಪ್ಪಗಾಗುತ್ತದೆ. ಸವೆದ ಬೇರಿಂಗಿನ ಸಂದಿಯಲ್ಲಿ ದಪ್ಪ ಆಯಿಲ್ ನಿಂತು ಟಕಟಕ ಸದ್ದು ಅಡಗುತ್ತದೆ. ಬೇರಿಂಗು ಮಾತ್ರ ಸವೆದೇ ಇದೆ. ಬೆಳಿಗ್ಗೆ ತಣ್ಣಗಿರುವಾಗ ಆ ದಪ್ಪ ಆಯಿಲ್ ಮೇಲಿನ ರಾಕರಿಗೆ ಏರಲು ತಡಮಾಡುತ್ತದೆಯೆಂಬುದು ಜೊತೆಗೆ ಸಿಗುವ ಪ್ರಸಾದ.

ಎರಡನೆಯದು ಇನ್ನೂ ಸೊಗಸು. ಅಂಬಾಸಿಡರಿನ ರಾಕರಿಗೂ ವಾಲ್ವಿನ ತುದಿಗೂ ನಡುವೆ ಹದಿನೈದು ತೌ, ಅಂದರೆ ಒಂದು ಇಂಚಿನ ಸಾವಿರದಲ್ಲಿ ಹದಿನೈದು ಭಾಗ, ಸಂದು ಇರಬೇಕು. ಆ ಸಂದಿಯ ಚಟಪಟವೇ ಟ್ಯಾಪೆಟ್ ಸದ್ದು. ನಿಮಿಷಕ್ಕೆ ಮೂರು ಸಾವಿರ ಸುತ್ತಿನಲ್ಲಿ ಒಂದೊಂದು ವಾಲ್ವೂ ಒಂದೂವರೆ ಸಾವಿರ ಸಲ ಸೀಟಿಗೆ ಬಡಿಯುತ್ತದೆ. ಸೀಟು ಸವೆದು ವಾಲ್ವು ಹೆಡ್ಡಿನೊಳಕ್ಕೆ ಇಳಿದಂತೆ ಅದರ ಹಿಂತುದಿ ಮೇಲೇರಿ ರಾಕರನ್ನು ಮುಟ್ಟಲು ಬರುತ್ತದೆ. ಸಂದು ಹದಿನೈದರಿಂದ ಹತ್ತಾಗುತ್ತದೆ, ಐದಾಗುತ್ತದೆ. ಸದ್ದು ಇಳಿಯುತ್ತ ಹೋಗುತ್ತದೆ. ಕೊನೆಗೆ ಒಂದು ದಿನ ಟ್ಯಾಪೆಟ್ ಪೂರ್ತಿ ಮೌನವಾಗುತ್ತದೆ. ಮಾಲೀಕ ಬಾಟಲಿಯನ್ನು ಕಣ್ಣಿಗೊತ್ತಿಕೊಂಡು ಇನ್ನಿಬ್ಬರಿಗೆ ಶಿಫಾರಸು ಮಾಡುತ್ತಾನೆ. ಅಷ್ಟರಲ್ಲಿ ವಾಲ್ವು ಮುಚ್ಚುವುದನ್ನು ನಿಲ್ಲಿಸಿ, ಉರಿಯುವ ಗ್ಯಾಸು ಅದರ ಅಂಚಿನಲ್ಲೇ ನುಗ್ಗಿ, ಅಂಚು ಚಕ್ಕೆಚಕ್ಕೆಯಾಗಿ ಸುಟ್ಟು, ಮೂರು ಸಿಲಿಂಡರಿನ ಅಂಬಾಸಿಡರ್ ಎಂಬ ಹೊಸ ಮಾಡೆಲ್ಲು ಸಿದ್ಧವಾಗುತ್ತದೆ.

ಹೀಗೆ, ಯಾವ ರೋಗಕ್ಕೆ ಬಾಟಲಿ ಹಾಕಿದರೋ ಆ ರೋಗದ ಲಕ್ಷಣವೇ ಬಾಟಲಿಯ ಗುಣವೆಂದು ದಾಖಲಾಗುತ್ತದೆ. ತರ್ಕಶಾಸ್ತ್ರದಲ್ಲಿ ಇದಕ್ಕೆ ವಿರುದ್ಧ ಹೇತ್ವಾಭಾಸವೆಂದು ಹೆಸರು. ಶಿವಾಜಿನಗರದ ಮೇಸ್ತ್ರಿಯೊಬ್ಬರು ಅಷ್ಟು ದೂರ ಹೋಗುವುದಿಲ್ಲ. ಬಾನೆಟ್ಟಿನ ಮೇಲೆ ಕಿವಿಯಿಟ್ಟು, ‘ಟ್ಯಾಪೆಟ್ ಮಾತಾಡ್ತಾ ಇದ್ರೆ ಭಯ ಇಲ್ಲ ಸಾರ್, ಸುಮ್ನಾದ್ರೆ ನನ್ನ ಹತ್ರ ಬನ್ನಿ’ ಎನ್ನುತ್ತಾರೆ. ಅವರ ಬಳಿ ಇರುವ ಯಂತ್ರವೆಂದರೆ ಫೀಲರ್ ಗೇಜ್, ಇಸ್ಪೀಟೆಲೆಯಂತೆ ಬಿಚ್ಚಿಕೊಳ್ಳುವ ತೆಳು ಉಕ್ಕಿನ ಪಟ್ಟಿಗಳ ಕಟ್ಟು. ಅದರಲ್ಲಿ ಹದಿನೈದರ ಪಟ್ಟಿ ಆಯಿಲ್ ಹೀರಿ ಕಪ್ಪಾಗಿ, ಮೂಲೆ ಸವೆದು, ಅಂಕಿ ಅಳಿಸಿಹೋಗಿದೆ. ಬೆರಳಿಗೇ ಗೊತ್ತು. ಗೇಜಿನ ಬೆಲೆ ಬಾಟಲಿಗಿಂತ ಕಡಿಮೆ. ಬಹುಶಃ ಅದಕ್ಕೇ ಅದರಲ್ಲಿ ಯಾರಿಗೂ ಭಕ್ತಿಯಿಲ್ಲ.

ಸತುವಿನ ಅಧಿಕರಣ

ಆಯಿಲ್ಲಿನ ವಿಷಯಕ್ಕೆ ಬಂದರೆ ಇಲ್ಲೊಂದು ಮಹಾಮಂತ್ರವಿದೆ: ಜಿಂಕ್ ಡೈಆಲ್ಕೈಲ್ ಡೈಥಯೋಫಾಸ್ಫೇಟ್. ಒಂದೇ ಉಸಿರಿನಲ್ಲಿ ಹೇಳಿದವರಿಗೆ ಹಳೆ ಕಾರು ಕೂಟಗಳಲ್ಲಿ ಮುಂದಿನ ಸಾಲಿನ ಕುರ್ಚಿ. ಕ್ಯಾಮಿನ ಮೊನೆ ಚಪ್ಪಟೆ ಟ್ಯಾಪೆಟ್ಟಿನ ಮೇಲೆ ಉಜ್ಜುವಲ್ಲಿ, ಶಾಖಕ್ಕೂ ಒತ್ತಡಕ್ಕೂ ಇದು ಒಡೆದು ಗಾಜಿನಂಥ ಪೊರೆ ಕಟ್ಟುತ್ತದೆ. ಇದೂ ನಿಜ. ಹೊಸ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರಿಗೆ ಫಾಸ್ಫರಸ್ ಆಗಿಬರುವುದಿಲ್ಲವೆಂದು 2004ರಲ್ಲಿ ಬಂದ ಎಪಿಐ ಎಸ್‌ಎಂ ದರ್ಜೆಯಲ್ಲಿ ಅದನ್ನು ಶೇ 0.08ಕ್ಕೆ ಇಳಿಸಿದ್ದೂ ನಿಜ. ಆದರೆ ಆ ಮಿತಿ ಇರುವುದು 5ಡಬ್ಲ್ಯು-30ರಂಥ ತೆಳು ಆಯಿಲ್ಲುಗಳಿಗೆ. ನಮ್ಮ ಹಳೆ ಎಂಜಿನ್ನು ಕುಡಿಯುವುದು 20ಡಬ್ಲ್ಯು-50. ಅದಕ್ಕೆ ಈ ಕಡಿವಾಣ ಹಾಕಲಿಲ್ಲ. ಅಂದರೆ ಡಬ್ಬಿಯಲ್ಲಿ ಬೇಕಾದಷ್ಟು ಹಾಕಿಯೇ ಕೊಟ್ಟಿದ್ದಾರೆ, ಮಾಲೀಕ ಅದನ್ನು ಮತ್ತೊಮ್ಮೆ ಕೊಂಡು ಹಾಕುತ್ತಾನೆ. ಅತಿಯಾದರೆ ಅದೇ ಫಾಸ್ಫರಸ್ ಕ್ಯಾಮಿನ ಲೋಹವನ್ನೇ ಮೆಲ್ಲಗೆ ತಿನ್ನುತ್ತದೆ. ಉಪ್ಪು ಸರಿಯಿದ್ದ ಸಾರಿಗೆ ಮತ್ತೆ ಉಪ್ಪು ಹಾಕುವವರನ್ನು ಮನೆಯಲ್ಲಿ ಬೈಯುತ್ತೇವೆ, ಗ್ಯಾರೇಜಿನಲ್ಲಿ ಎಕ್ಸ್‌ಪರ್ಟ್ ಎನ್ನುತ್ತೇವೆ.

ಟೆಫ್ಲಾನ್ ಪಂಗಡದ ಬಗ್ಗೆ ಸಂಕ್ಷೇಪ. ಕಾವಲಿಗೆ ದೋಸೆ ಅಂಟುವುದಿಲ್ಲ, ಆದ್ದರಿಂದ ಸಿಲಿಂಡರಿಗೆ ಪಿಸ್ಟನ್ ಅಂಟುವುದಿಲ್ಲ ಎಂಬುದು ಇವರ ಅನುಮಾನ. ಸ್ಲಿಕ್ 50 ಎಂಬ ಬಾಟಲಿಯ ಜಾಹೀರಾತಿನ ಮಾತುಗಳಿಗೆ ಆಧಾರವಿಲ್ಲವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹಿಡಿದು, 1997ರಲ್ಲಿ ರಾಜಿಯಾಯಿತು. ಆಕ್ಟೇನ್ ಬೂಸ್ಟರ್ ಪಂಗಡಕ್ಕೆ ಇನ್ನೂ ಸಂಕ್ಷೇಪ: ಅಂಬಾಸಿಡರಿನ ಕಂಪ್ರೆಶನ್ ಅನುಪಾತ ಏಳು ಚಿಲ್ಲರೆ. ಬಂಕಿನ ಸಾದಾ ಪೆಟ್ರೋಲೇ ಅದಕ್ಕೆ ಹೆಚ್ಚು.

ಕಬ್ಬಿನ ಅಧಿಕರಣ

ಈಗಿನ ಪೆಟ್ರೋಲೇ ಒಂದು ಅಡಿಟಿವ್ ಆಗಿರುವಾಗ ಏನು ಮಾಡಬೇಕೆಂಬುದು ನವ್ಯರ ಪ್ರಶ್ನೆ. ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಬೆಳಗಾವಿಯ ಕಬ್ಬು ಸಕ್ಕರೆಯಾಗದೆ ಬಂಕಿಗೆ ಬಂದು ಪದ್ಮಿನಿಯ ಟ್ಯಾಂಕು ಸೇರುವುದು ರೈತರ ದೃಷ್ಟಿಯಿಂದ ಒಳ್ಳೆಯದೇ. ಪದ್ಮಿನಿಯ ದೃಷ್ಟಿ ಬೇರೆ. ಎಥನಾಲು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಳೆಯ ರಬ್ಬರ್ ಪೈಪು ಊದಿಕೊಳ್ಳುತ್ತದೆ, ಪಂಪಿನ ಡಯಾಫ್ರಮ್ ಹದಗೆಡುತ್ತದೆ, ಕಾರ್ಬೊರೇಟರಿನ ಬಿಳಿ ಲೋಹಕ್ಕೆ ಬೂಷ್ಟಿನಂಥ ಪುಡಿ ಹಿಡಿಯುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ಇದು ಜಾಸ್ತಿ, ಹಳೆ ಕಾರುಗಳಿಗೆ ನಿಲ್ಲುವುದೇ ಮುಖ್ಯ ವೃತ್ತಿ.

ಇಲ್ಲಿ ಬಾಟಲಿಗೆ ಅರ್ಧ ಮಾರ್ಕು ಕೊಡಲೇಬೇಕು. ಲೋಹ ಕಿಲುಬು ಹಿಡಿಯದಂತೆ ಕಾಯುವ ಬಾಟಲಿಗಳಿವೆ, ಅದೇ ಬ್ರಿಟಿಷ್ ಒಕ್ಕೂಟದ ಪರೀಕ್ಷೆಯಲ್ಲಿ ಕೆಲವು ಇದರಲ್ಲೂ ತೇರ್ಗಡೆಯಾದವು. ಆದರೆ ರಬ್ಬರನ್ನು ಕಾಯುವ ಬಾಟಲಿ ಇಲ್ಲ. ಎಥನಾಲು ಒಗ್ಗುವ ಹೊಸ ಪೈಪು, ಹೊಸ ಡಯಾಫ್ರಮ್ ಹಾಕಿಸಬೇಕು, ಅಷ್ಟೇ. ಇದನ್ನು ಹೇಳಿದಾಗ ಒಬ್ಬ ಬಾಟಲಿಭಕ್ತರು ಬಹಳ ನೊಂದುಕೊಂಡು, ‘ಒರಿಜಿನಲ್ ಪೈಪು ಸಾರ್, ಕಂಪನಿಯಿಂದ ಬಂದಿದ್ದು’ ಎಂದರು. ಪೆಟ್ರೋಲ್ ತೊಟ್ಟಿಕ್ಕುತ್ತಿದ್ದುದೂ ಒರಿಜಿನಲ್ ಜಾಗದಿಂದಲೇ. ಕೆಳಗೇ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಇತ್ತು.

ಪ್ರಯೋಗಖಂಡ

ನಿಯಂತ್ರಿತ ಪ್ರಯೋಗವಿಲ್ಲದ ಶಾಸ್ತ್ರವನ್ನು ಈಗ ಯಾರೂ ಒಪ್ಪುವುದಿಲ್ಲ. ಒಂದೇ ಕಾರಿಗೆ ಬಾಟಲಿ ಹಾಕಿ, ಹಾಕದೆ, ಎರಡೂ ರೀತಿ ಏಕಕಾಲದಲ್ಲಿ ಓಡಿಸಲಾಗದು. ಬಾಟಲಿ ಹಾಕಿದ ದಿನವೇ ಮಾಲೀಕರು ಆಯಿಲ್ ಬದಲಿಸಿ, ಪ್ಲಗ್ ಉಜ್ಜಿ, ಟೈರಿಗೆ ಗಾಳಿ ತುಂಬಿಸಿ, ವ್ರತಸ್ಥರಾಗಿ ಮೆಲ್ಲಗೆ ಓಡಿಸುವುದರಿಂದ ಮೈಲೇಜಿನ ಪುಣ್ಯ ಯಾರ ಖಾತೆಗೆಂದು ತೀರ್ಮಾನಿಸುವುದೂ ಕಷ್ಟ.

ಆದ್ದರಿಂದ ಗ್ರಂಥಕಾರರು ಶೆಡ್ಡಿನ ಕಬ್ಬಿಣದ ಗೇಟನ್ನು ಆರಿಸಿಕೊಂಡರು. ಅದಕ್ಕೆ ಎರಡು ಬಾಗಿಲು, ಎರಡೂ ಒಂದೇ ವಯಸ್ಸಿನವು, ಒಂದೇ ಶ್ರುತಿಯಲ್ಲಿ ಕಿರುಚುತ್ತಿದ್ದವು. ಎಡ ಬಾಗಿಲಿನ ಕೀಲುಗಳಿಗೆ ಟೆಫ್ಲಾನ್ ಬಾಟಲಿಯ ದ್ರವ ಬಿಟ್ಟೆವು, ಬಲದವನ್ನು ಹಾಗೇ ಬಿಟ್ಟೆವು. ಎಡ ಬಾಗಿಲು ಅಂದಿನಿಂದ ಸದ್ದಿಲ್ಲದೆ ತೆರೆಯುತ್ತಿದೆ. ಬಲದ ಬಾಗಿಲು ಕಿರುಚುತ್ತಲೇ ಇದೆ, ಅದನ್ನೂ ಮುಗಿಸಿಬಿಡಿ ಎಂದು ಮನೆಯಿಂದ ಒತ್ತಡವಿದೆ. ಹಾಗೆ ಮಾಡಿದರೆ ಪ್ರಯೋಗ ಕೆಡುತ್ತದೆಂದು ತಿಳಿಸಿದ್ದೇವೆ.